ಹೂಮಳೆಗೆ ಮುಂಚೆ ಸೌದೆ: ಕೊಡಗಿನ ಮಳೆಗಾಲಕ್ಕೆ ತಯಾರಿ

ನಮಸ್ಕಾರ. ಜುಲೈ ತಿಂಗಳು, ಬಚ್ಚಲುಮನೆ ತುಂಬ ಹೊಗೆ. ಒಲೆಯಲ್ಲಿ ಸೌದೆ ಸುಯ್ ಅಂತಿದೆ, ತುದಿಯಿಂದ ನೊರೆ ಬರ್ತಿದೆ, ಹಂಡೆ ನೀರು ಉಗುರು ಬೆಚ್ಚಗೂ ಆಗಿಲ್ಲ. ಕೊಡಗಿನಲ್ಲಿ ಇದನ್ನ ಅನುಭವಿಸದ ಮನೆ ಕಡಿಮೆ. ಎಲ್ಲರೂ ಬೈಯೋದು ಮಳೆಯನ್ನ. ಆದರೆ ಆ ಸೌದೆ ಕೆಟ್ಟಿದ್ದು ಜನವರಿ ಫೆಬ್ರವರಿಯಲ್ಲಿ. ಕೆಲಸ ಆಗಬೇಕಾದ ಹೊತ್ತಿಗೆ ಆಗಲಿಲ್ಲ, ಅಷ್ಟೆ.

ಕಾರಣ ಹೇಳ್ತೀನಿ. ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತೆ. ಚೆನ್ನಾಗಿ ಉರಿಯೋಕೆ ಅದು ಶೇಕಡಾ 20ಕ್ಕಿಂತ ಕೆಳಗೆ ಬರಬೇಕು. ಒಂದು ಕೆಜಿ ಒಣ ಸೌದೆ ಸುಮಾರು 14 ಮೆಗಾಜೂಲ್ ಶಾಖ ಕೊಟ್ಟರೆ, ಅರ್ಧ ನೀರಿರೋ ಹಸಿ ಸೌದೆ ಕೊಡೋದು ಸುಮಾರು 8. ಉಳಿದಿದ್ದರಲ್ಲೂ ಬೆಂಕಿ ತಣ್ಣಗಿರೋದರಿಂದ ಅರೆಬೆಂದ ಹೊಗೆಯಾಗಿ ಬಹಳಷ್ಟು ಹೋಗುತ್ತೆ. ಆ ಹೊಗೆಯೇ ಹೊಗೆಕೊಳವೆಯ ಒಳಗೆ ಕಪ್ಪು ಟಾರಾಗಿ ಅಂಟಿಕೊಳ್ಳೋದು.

ಇನ್ನು ಒಣಗೋ ವಿಚಾರ. ಮರ ಯಾವಾಗಲೂ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಳ್ಳುತ್ತೆ. ಗಾಳಿಯ ತೇವಾಂಶ ಶೇಕಡಾ 60 ಇದ್ದರೆ ಮರ 11ರ ಹತ್ತಿರ ಬಂದು ನಿಲ್ಲುತ್ತೆ. ಗಾಳಿ 90ಕ್ಕೆ ಏರಿದರೆ ಒಣಗಿದ ಮರವೂ ಮತ್ತೆ ತೇವ ಹೀರಿ 20ರ ಹತ್ತಿರ ಹೋಗುತ್ತೆ. ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹಾಗೇ ಇರುತ್ತೆ. ಅಂದರೆ ಜೂನ್ ಮೇಲೆ ಕೊಟ್ಟಿಗೆಯಲ್ಲಿ ಸೌದೆ ಒಣಗುತ್ತೆ ಅನ್ನೋ ಆಸೆ ಬಿಡಬೇಕು. ನಮಗೆ ಸಿಗೋ ಒಣ ಗಾಳಿ ಡಿಸೆಂಬರ್ ಕೊನೆಯಿಂದ ಹೂಮಳೆ, ಅಂದರೆ ಕಾಫಿ ಹೂ ಅರಳಿಸೋ ಬೇಸಿಗೆ ಮಳೆ, ಬೀಳೋವರೆಗೆ. ಕುಶಾಲನಗರದ ಕಡೆಯವರಿಗೆ ಇನ್ನೂ ಸ್ವಲ್ಪ ಹೆಚ್ಚು ಸಮಯ ಸಿಗುತ್ತೆ, ಅವರ ಅದೃಷ್ಟ.

ಹಾಗಾಗಿ ಕ್ರಮ ಹೀಗೆ. ಡಿಸೆಂಬರ್, ಜನವರಿಯಲ್ಲಿ ಕತ್ತರಿಸಿ, ಜನವರಿ ಮುಗಿಯೋದರೊಳಗೆ ಸೀಳಿ, ಫೆಬ್ರವರಿ ಮಾರ್ಚ್ ಪೂರ್ತಿ ಬಿಸಿಲು ಗಾಳಿಗೆ ಬಿಡಿ. ಕಾಫಿ ಕೊಯ್ಲಿನ ಹೊತ್ತಲ್ಲಿ ಆಳು ಎಲ್ಲಿಂದ ತರೋದು ಅಂತ ಕೇಳ್ತೀರಿ, ನಿಜ. ರೊಬಸ್ಟಾ ಕೊಯ್ಲು ಅದೇ ತಿಂಗಳುಗಳಲ್ಲಿ ನಡೀತಿರುತ್ತೆ. ಆದರೂ ಸೀಳೋ ಕೆಲಸವನ್ನ ಮಾತ್ರ ಮುಂದೂಡಬೇಡಿ. ಸೀಳದ ದಿಮ್ಮಿ ಎರಡು ತಿಂಗಳು ಬಿಸಿಲಲ್ಲಿದ್ದರೂ ಒಳಗೆ ಹಸಿಯಾಗೇ ಇರುತ್ತೆ. ನೀರು ಮರದ ಎಳೆ ಉದ್ದಕ್ಕೆ, ಕತ್ತರಿಸಿದ ತುದಿಯಿಂದ ಬೇಗ ಹೊರಗೆ ಬರುತ್ತೆ. ಅಡ್ಡಕ್ಕೆ ಬಹಳ ನಿಧಾನ, ತೊಗಟೆ ದಾಟಿ ಬರೋದಂತೂ ಇನ್ನೂ ನಿಧಾನ. ಚಿಕ್ಕದಾಗಿ ತುಂಡು ಮಾಡಿ ಸೀಳಬೇಕು ಅನ್ನೋದು ಇದಕ್ಕೇ.

ಮರಗಸಿ ಸೌದೆಯ ಲೆಕ್ಕ ಬೇರೆ. ಕೊಯ್ಲು ಮುಗಿದ ಮೇಲೆ ನೆರಳಿನ ಮರ ಸವರಿದಾಗ ಬರೋ ಕೊಂಬೆಗಳಲ್ಲಿ ಎರಡು ಇಂಚಿಗಿಂತ ತೆಳ್ಳಗಿರೋದು ಮೇ ಕೊನೆಗೆ ಉರಿಸೋಕೆ ಬರುತ್ತೆ. ದಪ್ಪದ್ದನ್ನ ಸೀಳಿ ಬೇರೆ ಸಾಲಲ್ಲಿ ಒಟ್ಟಿ, ಮುಂದಿನ ವರ್ಷಕ್ಕೆ ಅಂತ ಬಿಡಿ. ಎರಡನ್ನೂ ಒಂದೇ ಸಾಲಿಗೆ ಹಾಕಿದರೆ ಮಳೆಗಾಲದಲ್ಲಿ ಕೈಗೆ ಯಾವುದು ಸಿಗುತ್ತೋ ಗೊತ್ತಾಗಲ್ಲ.

ಯಾವ ಮರ? ತೋಟದಲ್ಲಿ ಸುಲಭವಾಗಿ ಸಿಗೋದು ಸಿಲ್ವರ್ ಓಕ್. ಸೀಳೋಕೆ ಸುಲಭ, ಮೂರ್ನಾಲ್ಕು ಇಂಚಿಗೆ ಸೀಳಿದರೆ ಒಂದೇ ಬೇಸಿಗೆಯಲ್ಲಿ ಒಣಗುತ್ತೆ, ಬೇಗ ಹತ್ತಿಕೊಳ್ಳುತ್ತೆ. ಕೆಂಡ ಮಾತ್ರ ಹೆಚ್ಚು ಹೊತ್ತು ನಿಲ್ಲಲ್ಲ. ಕೆಂಡಕ್ಕೆ ಕಿತ್ತು ಹಾಕಿದ ಹಳೆ ಕಾಫಿ ಗಿಡದ ಕಾಂಡ, ನೇರಳೆ, ಗ್ಲಿರಿಸಿಡಿಯಾ ಒಳ್ಳೇದು. ರಾತ್ರಿ ಅಗ್ಗಿಷ್ಟಿಕೆಗೆ ನನ್ನ ಆಯ್ಕೆ ಕಾಫಿ ಕಾಂಡವೇ: ಗಟ್ಟಿ, ನಿಧಾನವಾಗಿ ಉರಿಯುತ್ತೆ, ಒಣಗಿದ್ದರೆ ಹೊಗೆ ಕಡಿಮೆ. ಹಾಲುವಾಣ ಒಟ್ಟೋ ಶ್ರಮಕ್ಕೂ ಬೆಲೆಯಿಲ್ಲದಷ್ಟು ಹಗುರ. ಬಿದಿರನ್ನ ಸೀಳದೆ ಒಲೆಗೆ ಹಾಕಬೇಡಿ, ಗಿಣ್ಣಿನ ಮಧ್ಯದ ಗಾಳಿ ಕಾದು ಸಿಡಿಯುತ್ತೆ. ಚೇರೆ, ಹೊಲಗೇರು ಜಾತಿಯ ಮರ ಬೇಡವೇ ಬೇಡ. ಅದರ ರಸ ಮೈಗೆ ತಾಗಿದರೆ ಗುಳ್ಳೆ ಏಳುತ್ತೆ, ಹೊಗೆಯಿಂದಲೂ ಕಣ್ಣು ಮುಖ ಊದಬಹುದು.

ಅರೇಬಿಕಾ ತೋಟದವರು ಈ ಮಾತು ಗಮನ ಇಟ್ಟು ಕೇಳಿ. ಬಿಳಿ ಕಾಂಡಕೊರಕ ಹತ್ತಿದ ಗಿಡ ಕಿತ್ತು, ಅದನ್ನೇ ಸೌದೆ ಅಂತ ಒಟ್ಟಿಡೋದು ತೋಟಕ್ಕೆ ನಾವೇ ತಂದುಕೊಳ್ಳೋ ಕೇಡು. ಕಾಂಡದ ಒಳಗಿರೋ ಹುಳು ಏಪ್ರಿಲ್, ಮೇ ಹೊತ್ತಿಗೆ ದುಂಬಿಯಾಗಿ ಹೊರಗೆ ಹಾರಿ ಪಕ್ಕದ ಗಿಡದಲ್ಲಿ ಮೊಟ್ಟೆ ಇಡುತ್ತೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸುತ್ತು ಹಾರಾಟ. ಕಿತ್ತ ಕೂಡಲೇ ಸುಟ್ಟುಬಿಡೋದು ಸರಿಯಾದ ದಾರಿ. ಸೌದೆಗೆ ಬೇಕೇ ಬೇಕು ಅಂದರೆ ವಾರದಿಂದ ಹತ್ತು ದಿನ ಕೆರೆಯಲ್ಲೋ ತೊಟ್ಟಿಯಲ್ಲೋ ಪೂರ್ತಿ ಮುಳುಗಿಸಿಟ್ಟು, ಹುಳು ಸತ್ತ ಮೇಲೆ ಒಣಗಿಸಿ. ರೊಬಸ್ಟಾಕ್ಕೆ ಈ ತೊಂದರೆ ಇಲ್ಲ.

ಕಾನೂನಿನ ಒಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯೋಕೆ ಅನುಮತಿಯಿಂದ ವಿನಾಯಿತಿ ಇದೆ. ಬೀಟೆ, ಹೊನ್ನೆ, ನಂದಿಯಂಥ ಕಾಡು ಮರಗಳಿಗೆ ಇಲ್ಲ. ಕೊಡಗಿನ ಬಾಣೆ ಜಮೀನಿನಲ್ಲಿ (ಗದ್ದೆಯ ಜೊತೆಗೆ ಸೇರಿಸಿಕೊಟ್ಟ ಕಾಡು ಜಮೀನು) ಮರದ ಹಕ್ಕು ಯಾರದು ಅನ್ನೋದೂ ದಾಖಲೆ ನೋಡಿಯೇ ತಿಳೀಬೇಕು. ಬಿದ್ದ ಮರ ಆದರೂ ಕೊಡಲಿ ಹಾಕೋ ಮುಂಚೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಈಗ ಕತ್ತರಿಸೋದು. ಮೊದಲು ಒಲೆಯ ಬಾಯಿಂದ ಹಿಂಗೋಡೆವರೆಗೆ ಅಳೆದು ಎರಡು ಇಂಚು ಕಳೆಯಿರಿ. ಅದೇ ನಿಮ್ಮ ತುಂಡಿನ ಉದ್ದ. ಬಾಯ್ಲರ್‌ಗೆ ಸಾಮಾನ್ಯವಾಗಿ ಒಂದು ಅಡಿ, ಅಗ್ಗಿಷ್ಟಿಕೆಗೆ ಒಂದೂವರೆ ಅಡಿ ಬರುತ್ತೆ. ಒಂದು ಕೋಲಿಗೆ ಗುರುತು ಹಾಕಿ ಅದೇ ಅಳತೆಯಲ್ಲಿ ಕತ್ತರಿಸಿ. ತುಂಡುಗಳು ಒಂದೇ ಸಮ ಇಲ್ಲದಿದ್ದರೆ ಒಟ್ಟಿದ ಸಾಲು ನಿಲ್ಲಲ್ಲ.

ಚೈನ್ ಗರಗಸಕ್ಕೆ ಪೆಟ್ರೋಲ್ ಒಂದು ಲೀಟರಿಗೆ 20 ಮಿಲಿ ಟೂ ಸ್ಟ್ರೋಕ್ ಆಯಿಲ್. ಇದು 50ಕ್ಕೆ 1ರ ಲೆಕ್ಕ, ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ಹಾಕಿ. ಚೈನ್‌ಗೆ ಹಾಕೋ ಆಯಿಲ್ ಬೇರೆ ಟ್ಯಾಂಕ್, ಅದನ್ನ ಖಾಲಿ ಬಿಡಬೇಡಿ. ಇಲ್ಲಿ ಹತ್ತಿರದಿಂದ ನೋಡಿ: ಗರಗಸ ಚಕ್ಕೆ ಚಕ್ಕೆಯಾಗಿ ಉಗುಳ್ತಿದೆ, ಹಲ್ಲು ಹರಿತ ಇದೆ. ಹಿಟ್ಟಿನಂಥ ಪುಡಿ ಬಂದರೆ ಹಲ್ಲು ಮೊಂಡಾಗಿದೆ ಅಂತ, ನಿಲ್ಲಿಸಿ ಅರ ಹಾಕಿ. ಕಾಫಿ ಗಿಡದ ಬುಡದಲ್ಲಿ ಮಣ್ಣು, ಕಲ್ಲು ಸಿಕ್ಕಿಕೊಂಡಿರುತ್ತೆ, ಕತ್ತಿಯಿಂದ ಕೆರೆದು ತೆಗೆಯದೆ ಗರಗಸ ಹಾಕಿದರೆ ಚೈನ್ ಒಂದೇ ಕಡಿತಕ್ಕೆ ಹಾಳು.

ಗರಗಸ ಮರದೊಳಗೆ ಸಿಕ್ಕಿಕೊಳ್ಳೋದು ಹೆಚ್ಚಿನವರ ತಲೆನೋವು. ದಿಮ್ಮಿಯ ಎರಡೂ ತುದಿ ಆಸರೆ ಮೇಲಿದ್ದರೆ ಅದು ಮಧ್ಯಕ್ಕೆ ಬಾಗುತ್ತೆ, ಮೇಲ್ಭಾಗ ಅದುಮಿಕೊಳ್ಳುತ್ತೆ. ಆಗ ಮೇಲಿಂದ ಮೂರನೇ ಒಂದು ಭಾಗ ಕತ್ತರಿಸಿ, ಉಳಿದದ್ದನ್ನ ಕೆಳಗಿಂದ ಮುಗಿಸಿ. ಒಂದು ತುದಿ ಗಾಳಿಯಲ್ಲಿ ತೂಗ್ತಿದ್ದರೆ ಇದಕ್ಕೆ ತಿರುಗುಮುರುಗು: ಮೊದಲು ಕೆಳಗಿಂದ, ಆಮೇಲೆ ಮೇಲಿಂದ. ನೆಲದ ಮೇಲೆ ಮಲಗಿದ ದಿಮ್ಮಿಯನ್ನ ಮುಕ್ಕಾಲು ಕತ್ತರಿಸಿ, ಉರುಳಿಸಿ, ಇನ್ನೊಂದು ಕಡೆಯಿಂದ ಮುಗಿಸಿ. ಚೈನ್ ಸುತ್ತೋ ಉದ್ದನೆ ಪಟ್ಟಿ, ಅಂದರೆ ಬಾರ್‌ನ ಮೂತಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು, ತಾಗಿದರೆ ಗರಗಸ ಮುಖದ ಕಡೆ ಎಗರುತ್ತೆ. ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಗಟ್ಟಿ ಬೂಟು, ಕಾಲಿಗೆ ರಕ್ಷಣೆಯ ಪ್ಯಾಂಟ್, ಇವಿಲ್ಲದೆ ಕೆಲಸದವರ ಕೈಗೂ ಗರಗಸ ಕೊಡಬೇಡಿ. ಕೂಲಿ ಕೊಟ್ಟ ಮಾತ್ರಕ್ಕೆ ಅವರ ಕಾಲಿನ ಜವಾಬ್ದಾರಿ ನಮ್ಮದಲ್ಲ ಅಂತ ಆಗಲ್ಲ.

ಸೀಳೋಕೆ ಎರಡೂವರೆಯಿಂದ ಮೂರು ಕೆಜಿ ತಲೆಯ, ಬೆನ್ನು ದಪ್ಪ ಇರೋ ಕೊಡಲಿ ಬೇಕು. ಮರ ಕಡಿಯೋ ತೆಳು ಕೊಡಲಿ ಎಳೆಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತೆ, ಬಿಡಿಸಲ್ಲ. ಕೆಳಗೆ ಗಟ್ಟಿ ಮರದ ಕೊರಡು, ಒಂದು ಅಡಿಯಿಂದ ಹದಿನೈದು ಇಂಚು ಎತ್ತರ. ತುಂಡನ್ನ ಕೊರಡಿನ ಆಚೆ ಅಂಚಿಗೆ ಇಡಿ. ಏಟು ತಪ್ಪಿದರೂ ಕೊಡಲಿ ಕೊರಡಿಗೆ ಬೀಳಬೇಕು, ಮೊಣಕಾಲಿಗಲ್ಲ. ಕಾಲು ಭುಜದಗಲ, ಏಟು ಇಳಿಯುವಾಗ ಮಂಡಿ ಬಗ್ಗಲಿ. ತುದಿಯಲ್ಲಿ ಆಗಲೇ ಬಿಟ್ಟಿರೋ ಬಿರುಕು ಹುಡುಕಿ ಅದೇ ಗೆರೆಗೆ ಹೊಡೀರಿ. ದೊಡ್ಡ ದಿಮ್ಮಿಯ ನಡುವಿಗೆ ಹೊಡೆದು ಸುಸ್ತಾಗೋ ಬದಲು ಅಂಚಿನಿಂದ ಹೋಳು ಹೋಳಾಗಿ ಎಬ್ಬಿಸುತ್ತಾ ಬನ್ನಿ. ಗಂಟಿದ್ದರೆ ಗಂಟು ಕೆಳಗೆ ಬರೋ ಹಾಗೆ ನಿಲ್ಲಿಸಿ. ಅದಕ್ಕೂ ಬಗ್ಗದಿದ್ದರೆ ಎರಡು ಕಬ್ಬಿಣದ ಬೆಣೆ: ಒಂದು ಬಿರುಕು ತೆರೆಯೋಕೆ, ಇನ್ನೊಂದು ಮೊದಲನೆಯದನ್ನ ಬಿಡಿಸೋಕೆ. ಬೆಣೆಯ ತಲೆ ಅಣಬೆಯಂತೆ ಅರಳಿದ್ದರೆ ಆ ಅಂಚನ್ನ ಉಜ್ಜಿ ತೆಗೀರಿ, ಇಲ್ಲದಿದ್ದರೆ ಸುತ್ತಿಗೆ ಏಟಿಗೆ ಉಕ್ಕಿನ ಚೂರು ಸಿಡಿಯುತ್ತೆ. ನೀಲಗಿರಿ ಹಸಿಯಾಗಿದ್ದಾಗಲೇ ಸೀಳಿ, ಒಣಗಿದ ಮೇಲೆ ಅದರ ಹೆಣೆದ ಎಳೆ ಬಿಡಲ್ಲ. ಕಾಫಿ ಕಾಂಡ ತಿರುಚಿಕೊಂಡಿರುತ್ತೆ, ಮೂರು ಇಂಚಿಗಿಂತ ತೆಳ್ಳಗಿರೋದನ್ನ ಸೀಳದೆ ಗಿಡ್ಡ ಮಾಡಿದರೆ ಸಾಕು. ದಪ್ಪ ಕಾಂಡಕ್ಕೆ ಎರಡು ಬೇಸಿಗೆ ಕೊಡಿ.

ಎಷ್ಟು ಬೇಕು? ನಾಲ್ಕು ಜನರ ಸ್ನಾನಕ್ಕೆ 80 ಲೀಟರ್ ನೀರನ್ನ 18 ಡಿಗ್ರಿಯಿಂದ 45ಕ್ಕೆ ಏರಿಸೋಕೆ 9 ಮೆಗಾಜೂಲ್ ಸಾಕು. ತೆರೆದ ಒಲೆಯ ಹಂಡೆಗೆ ಬೆಂಕಿಯ ಆರನೇ ಒಂದು ಭಾಗ ಸೇರುತ್ತೆ ಅಂತ ಇಟ್ಟುಕೊಂಡರೆ ದಿನಕ್ಕೆ 4 ಕೆಜಿ ಒಣ ಸೌದೆ. ಸಂಜೆ ಬೆಂಕಿಗೆ 6 ಕೆಜಿ ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನಕ್ಕೆ ಸುಮಾರು 1,200 ಕೆಜಿ. ಸಿಲ್ವರ್ ಓಕ್ ಆದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು ಹೆಚ್ಚುಕಮ್ಮಿ ಅಷ್ಟು ತೂಗುತ್ತೆ. ಅಡುಗೆಗೂ ಸೌದೆ ಅಂದರೆ ಇನ್ನಷ್ಟು ಸೇರಿಸಿ.

ಒಟ್ಟೋ ಜಾಗ ನೆಲದಿಂದ ಅರ್ಧ ಅಡಿ ಮೇಲಿರಲಿ, ಕೆಳಗೆ ಸಿಮೆಂಟ್ ಬ್ಲಾಕ್ ಇಟ್ಟು ಮೇಲೆ ಗಳ ಹಾಕಿ. ಮಣ್ಣಿಗೆ ತಾಗಿದ ಸೌದೆ ಗೆದ್ದಲಿಗೆ ಹೋಯ್ತು ಅಂತಲೇ ಲೆಕ್ಕ. ಮನೆ ಗೋಡೆಯಿಂದ ಒಂದು ಅಡಿ ದೂರ ಬಿಡಿ. ಬೇಸಿಗೆಯಲ್ಲಿ ಒಂಟಿ ಸಾಲಾಗಿ, ಕತ್ತರಿಸಿದ ತುದಿ ಗಾಳಿಗೆ ಮುಖ ಮಾಡೋ ಹಾಗೆ. ಸಾಲಿನ ಎರಡೂ ಕೊನೆಯಲ್ಲಿ ತುಂಡುಗಳನ್ನ ಒಂದು ಸುತ್ತು ಉದ್ದ, ಒಂದು ಸುತ್ತು ಅಡ್ಡ ಇಟ್ಟು ಕಂಬ ಎಬ್ಬಿಸಿದರೆ ಊರುಗೋಲು ಬೇಡ. ನಾಲ್ಕು ಅಡಿ ದಾಟಿಸಬೇಡಿ, ಒಣಗಿ ಕುಗ್ಗುವಾಗ ವಾಲುತ್ತೆ.

ಹೂಮಳೆ ಬರೋ ಮುಂಚೆ ಮೇಲ್ಭಾಗಕ್ಕೆ ಮಾತ್ರ ಶೀಟು. ನೀಲಿ ಟಾರ್ಪಾಲನ್ನ ನೆಲದವರೆಗೆ ಸುತ್ತಿ ಕಟ್ಟೋದನ್ನ ಎಲ್ಲೆಲ್ಲೂ ನೋಡ್ತೀವಿ. ಮರದಿಂದ ಹೊರಟ ತೇವ ಅದರೊಳಗೇ ಹನಿಯಾಗಿ ಮತ್ತೆ ಸೌದೆ ಮೇಲೆ ಬೀಳುತ್ತೆ, ತಿಂಗಳೊಳಗೆ ಬೂಷ್ಟು. ಮೇ ಮೂರನೇ ವಾರದ ಹೊತ್ತಿಗೆ ಎಲ್ಲವನ್ನೂ ಕೊಟ್ಟಿಗೆಗೆ ಸಾಗಿಸಿ. ಇರಿಚಲು ಹೆಚ್ಚಾಗಿ ಪಶ್ಚಿಮದಿಂದ ಬರುತ್ತೆ, ಆ ಕಡೆ ಶೀಟು ಮುಚ್ಚಿ, ಸೂರಿನ ಕೆಳಗೆ ಒಂದು ಗೇಣು ಜಾಗ ಗಾಳಿಗೆ ಬಿಡಿ.

ಒಣಗಿದೆಯಾ ಅಂತ ನೋಡೋಕೆ ಎರಡು ತುಂಡು ಬಡೀರಿ, ಟಣ್ ಅಂದರೆ ಒಣಗಿದೆ, ದಬ್ ಅಂದರೆ ಇಲ್ಲ. ಇದಕ್ಕಿಂತ ನಂಬಿಕೆಯ ದಾರಿ ತಕ್ಕಡಿ. ಒಂದು ತುಂಡಿಗೆ ಬಣ್ಣ ಹಚ್ಚಿ ವಾರಕ್ಕೊಮ್ಮೆ ತೂಗಿ, ತೂಕ ಇಳಿಯೋದು ನಿಂತ ಮೇಲೆ ಆ ಗಾಳಿಗೆ ಅದು ಒಣಗಿದಷ್ಟು ಒಣಗಿದೆ. ತೇವ ಅಳೆಯೋ ಮೀಟರ್ ಇದ್ದರೆ ಹೊಸದಾಗಿ ಸೀಳಿದ ಒಳಮೈಗೆ ಚುಚ್ಚಿ. ಹೊರತುದಿಗೆ ಚುಚ್ಚಿದರೆ ಸುಳ್ಳು ಲೆಕ್ಕ ಬರುತ್ತೆ.

ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಕೊಟ್ಟಿಗೆಯ ಸೌದೆಯೂ ತೇವ ಹಿಡಿಯುತ್ತೆ. ಒಲೆಯ ಮೇಲಿನ ಅಟ್ಟ ಇರೋದೇ ಅದಕ್ಕೆ: ಎರಡು ಮೂರು ದಿನದ ಸೌದೆ ಅಲ್ಲಿಗೆ ಏರಿಸಿ, ಕೆಳಗಿಂದ ಹಳೆಯದು ತೆಗೆದ ಹಾಗೆ ಮೇಲೆ ಹೊಸದು. ಅಟ್ಟ ಇಲ್ಲದ ಮನೆಯಲ್ಲಿ ಒಲೆಯಿಂದ ಮೂರು ಅಡಿ ದೂರ ಜೋಡಿಸಿ, ಅದಕ್ಕಿಂತ ಹತ್ತಿರ ಬೇಡ. ಕೊಟ್ಟಿಗೆಯಿಂದ ತೆಗೆಯುವಾಗ ಟಾರ್ಚ್, ಕೈಗವಸು, ಬೂಟು ಇರಲಿ. ಮೇಲಿನ ಸಾಲಿನಿಂದ ಒಂದೊಂದಾಗಿ ತೆಗೀರಿ, ಸಂದಿಗೆ ಬರಿಗೈ ಹಾಕಬೇಡಿ. ಬೆಚ್ಚಗಿರೋ ಒಟ್ಟಿಲು ಅಂದರೆ ಹಾವು ಚೇಳಿಗೂ ಇಷ್ಟ.

ಚಳಿ ಅಂತ ಕೆಂಡದ ಬಾಣಲೆ ಮಲಗೋ ಕೋಣೆಗೆ ತಂದು ಬಾಗಿಲು ಮುಚ್ಚೋದು ಪ್ರಾಣಕ್ಕೇ ಅಪಾಯ. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ. ಹೊಗೆಕೊಳವೆಯನ್ನ ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಬ್ರಷ್ ಹಾಕಿ ಕೆರೆಸಿ.

ಬೂದಿಯನ್ನ ಮುಚ್ಚಳ ಇರೋ ಕಬ್ಬಿಣದ ಬಕೆಟ್‌ನಲ್ಲಿ ಎರಡು ದಿನ ಹೊರಗಿಟ್ಟು, ಪೂರ್ತಿ ತಣ್ಣಗಾದ ಮೇಲೆ ತರಕಾರಿ ಮಡಿಗೋ ಗಿಡದ ಬುಡಕ್ಕೋ ಹಾಕಿ. ಪೊಟ್ಯಾಷ್ ಸಿಗುತ್ತೆ. ಯೂರಿಯಾ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಮುಂದಿನ ವಿಡಿಯೊದಲ್ಲಿ ಗರಗಸದ ಹಲ್ಲಿಗೆ ಅರ ಹಾಕೋದನ್ನ ಹಂತ ಹಂತವಾಗಿ ತೋರಿಸ್ತೀನಿ.