ಸೋಲಾರ್ ಘಟಕಕ್ಕೆ ಜಾಗ: ಸ್ಥಳೀಯ ನಿಯಮದ ಒಂದು ಅಂಕಿ ಏನೆಲ್ಲ ಮಾಡುತ್ತೆ?

[ದೃಶ್ಯ: ಬಿಳಿ ಹಾಳೆಯ ಮೇಲೆ ಸ್ಕೇಲ್ ಇಟ್ಟು ಚೌಕ ಎಳೆಯುತ್ತಿರುವ ಕೈ]

ನಮಸ್ಕಾರ. ಈ ಚೌಕ ಹತ್ತು ಎಕರೆ ಜಮೀನು ಅಂದುಕೊಳ್ಳಿ. ಒಂದೊಂದು ಬದಿ 660 ಅಡಿ. ಇದರಲ್ಲಿ ಸೋಲಾರ್ ಪ್ಯಾನೆಲ್ ಹಾಕಬೇಕು ಅಂತ ಮಾಲೀಕರು ಅರ್ಜಿ ಕೊಟ್ಟಿದ್ದಾರೆ. ಸ್ಥಳೀಯ ಆಡಳಿತ ಹಾಕೋದು ಒಂದೇ ಷರತ್ತು: ಗಡಿಯಿಂದ ನಾಲ್ಕೂ ಕಡೆ 50 ಅಡಿ ಬಿಡಿ. ಒಳಗೆ 560 ಅಡಿ ಬದಿಯ ಚೌಕ ಉಳಿಯುತ್ತೆ, ಸುಮಾರು 7.2 ಎಕರೆ. ಕೆಲಸ ನಡೆಯುತ್ತೆ.

[ದೃಶ್ಯ: ಅದೇ ಚೌಕದೊಳಗೆ ಇನ್ನೊಂದು, ತುಂಬಾ ಚಿಕ್ಕ ಚೌಕ]

ಈಗ ಆ 50 ಅನ್ನು 200 ಮಾಡಿ. ಒಳಗಿನ ಬದಿ 260 ಅಡಿಗೆ ಇಳಿಯಿತು. ಉಳಿದಿದ್ದು ಒಂದೂವರೆ ಎಕರೆ ಚಿಲ್ಲರೆ. ನಿಯಮದ ಪುಸ್ತಕದಲ್ಲಿ ಎಲ್ಲೂ ‘ಸೋಲಾರ್ ನಿಷೇಧ’ ಅಂತ ಬರೆದಿಲ್ಲ. ಆದರೆ ಆ ಜಮೀನಿನ ಮಟ್ಟಿಗೆ ಆಗಿದ್ದು ನಿಷೇಧವೇ.

ಇವತ್ತಿನ ವಿಷಯ ಇದೇ. ಯಾವ ಜಾಗದಲ್ಲಿ ಏನು ಬರಬಹುದು ಅಂತ ಸ್ಥಳೀಯ ಆಡಳಿತ ಹಾಕುವ ಗೆರೆಗೆ ಝೋನಿಂಗ್ ಅಂತಾರೆ, ಅಂದರೆ ವಲಯ ನಿಯಮ. ಅಮೆರಿಕದಲ್ಲಿ ಇದು ಸಂವಿಧಾನಕ್ಕೆ ಒಪ್ಪುತ್ತೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1926ರಲ್ಲಿ, ಓಹಾಯೋದ ಯೂಕ್ಲಿಡ್ ಅನ್ನೋ ಊರಿನ ಪ್ರಕರಣದಲ್ಲಿ. ಮನೆಗಳ ಮಧ್ಯೆ ಕಾರ್ಖಾನೆ ಬರಬಾರದು ಅನ್ನೋದು ಆ ಕಾಲದ ಕಾಳಜಿ. ಸೋಲಾರ್ ಘಟಕ ಈ ಲೆಕ್ಕಕ್ಕೆ ಸರಿಯಾಗಿ ಕೂರಲ್ಲ. ಹೊಗೆ ಇಲ್ಲ, ಕಟ್ಟಿ ಮುಗಿದ ಮೇಲೆ ಲಾರಿ ಓಡಾಟವೂ ಇಲ್ಲ. ಆದರೆ ಜಾಗ ಮಾತ್ರ ಬೇಸಾಯದಷ್ಟೇ ಬೇಕು: ಒಂದು ಮೆಗಾವ್ಯಾಟ್‌ಗೆ ಹೆಚ್ಚುಕಡಿಮೆ ಐದರಿಂದ ಏಳು ಎಕರೆ.

ಅದಕ್ಕೇ ನಿಯಮದ ಮೊದಲ ಪುಟದ ವ್ಯಾಖ್ಯೆಯನ್ನು ನಾನು ಎರಡೆರಡು ಸಲ ಓದುತ್ತೇನೆ. ‘ಸೋಲಾರ್ ಘಟಕ’ ಅಂದರೆ ಯಾವುದು? ಮನೆ ಸೂರಿನ ಮೇಲಿನ ಎಂಟು ಪ್ಯಾನೆಲ್‌ಗೂ ಐನೂರು ಎಕರೆಯ ಘಟಕಕ್ಕೂ ಒಂದೇ ಹೆಸರಿಟ್ಟರೆ, ದೊಡ್ಡದಕ್ಕೆ ಅಂತ ಬರೆದ ಸಾರ್ವಜನಿಕ ವಿಚಾರಣೆ, ಬೇಲಿ, ನಕ್ಷೆ ಎಲ್ಲಾ ಮನೆಯವರ ತಲೆ ಮೇಲೆ ಬೀಳುತ್ತೆ. ಒಳ್ಳೆಯ ನಿಯಮ ಮೊದಲೇ ಬೇರೆ ಮಾಡಿಬಿಡುತ್ತೆ: ಮನೆಗೋ ಅಂಗಡಿಗೋ ಪೂರಕವಾಗಿರೋದು ಒಂದು, ವಿದ್ಯುತ್ ಮಾರೋದಕ್ಕೇ ಕಟ್ಟಿದ್ದು ಇನ್ನೊಂದು.

ಮತ್ತೆ ಆ ಸೆಟ್‌ಬ್ಯಾಕ್‌ಗೆ, ಅಂದರೆ ಬಿಡಬೇಕಾದ ದೂರಕ್ಕೆ, ಬರೋಣ. ಎಷ್ಟು ಅಡಿ ಅನ್ನೋದಕ್ಕಿಂತ ಎಲ್ಲಿಂದ ಅಳೀತೀರಿ ಅನ್ನೋದು ಮುಖ್ಯ. ಮಿಷಿಗನ್ ರಾಜ್ಯ 2023ರಲ್ಲಿ 50 ಮೆಗಾವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಸೋಲಾರ್ ಘಟಕಗಳಿಗೆ ಕಾನೂನು ಮಾಡಿತು. ಅದರಲ್ಲಿ ಯೋಜನೆಗೆ ಸೇರದ ನೆರೆಯವರ ಮನೆಯಿಂದ 300 ಅಡಿ, ಜಮೀನಿನ ಗಡಿಯಿಂದ ಬರೀ 50 ಅಡಿ. ಜನ ಇರೋ ಕಡೆ ದೂರ, ಖಾಲಿ ಹೊಲದ ಕಡೆ ಹತ್ತಿರ. ಈ ಅಳತೆ ನನಗೆ ನ್ಯಾಯವಾಗಿ ಕಾಣುತ್ತೆ. ಸ್ಥಳೀಯ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಕಂಪನಿ ನೇರವಾಗಿ ರಾಜ್ಯದ ಆಯೋಗದ ಮುಂದೆ ಹೋಗಬಹುದು ಅನ್ನೋದೂ ಆ ಕಾನೂನಿನಲ್ಲಿದೆ. ಪಕ್ಕದ ಓಹಾಯೋ 2021ರಲ್ಲಿ ಇದರ ತದ್ವಿರುದ್ಧ ದಾರಿ ಹಿಡಿಯಿತು: ದೊಡ್ಡ ಘಟಕಗಳು ಬರದಂತೆ ತಮ್ಮ ಪ್ರದೇಶವನ್ನು ಮುಚ್ಚುವ ಅಧಿಕಾರವನ್ನು ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತಗಳ, ಕೈಗೇ ಕೊಟ್ಟಿತು.

[ದೃಶ್ಯ: ಸೂರ್ಯನ ಜೊತೆ ತಿರುಗುವ ಪ್ಯಾನೆಲ್ ಸಾಲು, ಮುಂಜಾನೆ ಮತ್ತು ಮಧ್ಯಾಹ್ನ]

ಎತ್ತರದ ವಿಷಯ ಬೇಗ ಹೇಳ್ತೀನಿ. ಸೂರ್ಯನನ್ನು ಹಿಂಬಾಲಿಸುವ ಪ್ಯಾನೆಲ್ ಮಧ್ಯಾಹ್ನ ಮಲಗಿರುತ್ತೆ, ಬೆಳಗ್ಗೆ ಸಂಜೆ ಓರೆಯಾಗಿ ಎದ್ದು ನಿಲ್ಲುತ್ತೆ. ಹಾಗಾಗಿ ‘ಪೂರ್ತಿ ವಾಲಿದಾಗಿನ ಎತ್ತರ’ ಅಂತ ನಿಯಮದಲ್ಲಿ ಬರೆದಿರಲೇಬೇಕು. ಪ್ಯಾನೆಲ್ ಗಾಜಿಗೆ ಪ್ರತಿಫಲನ ತಗ್ಗಿಸುವ ಲೇಪನ ಇರುತ್ತೆ, ಬೆಳಕು ಹೊರಗೆ ಹೋದಷ್ಟೂ ಅದಕ್ಕೇ ನಷ್ಟ. ಆದರೂ ಬಿಸಿಲು ತೀರಾ ಓರೆಯಾಗಿ ಬಿದ್ದಾಗ ಹೊಳೆಯೋದುಂಟು. ವಿಮಾನ ನಿಲ್ದಾಣದ ಹತ್ತಿರ ಪರೀಕ್ಷೆ ಕೇಳೋದು ಅದಕ್ಕೇ. ಇನ್ವರ್ಟರ್‌ಗಳ ಗುಂಯ್‌ಗುಡುವಿಕೆಗೆ ಸುಲಭದ ಪರಿಹಾರ, ಅವನ್ನು ಜಮೀನಿನ ನಡುವೆ ಇಡಿಸೋದು.

ನಿಧಾನವಾಗಿ ನೋಡಬೇಕಾದ್ದು ನೀರು.

[ದೃಶ್ಯ: ಮಳೆಯಲ್ಲಿ ಪ್ಯಾನೆಲ್‌ನ ಕೆಳ ಅಂಚು, ಹತ್ತಿರದಿಂದ]

ಮಳೆ ಇಡೀ ಗಾಜಿನ ಮೇಲೆ ಬೀಳುತ್ತೆ, ಆದರೆ ನೆಲಕ್ಕೆ ಇಳಿಯೋದು ಕೆಳ ಅಂಚಿನ ಒಂದೇ ಗೆರೆಯಲ್ಲಿ. ಅಲ್ಲಿ ಬರಿ ಮಣ್ಣಿದ್ದರೆ ಹನಿ ಬಿದ್ದೂ ಬಿದ್ದೂ ಸಣ್ಣ ಕಾಲುವೆ ಕೊರೆಯುತ್ತೆ, ಆಮೇಲೆ ಆ ಕಾಲುವೆ ಕೆಳಗಿನ ಹೊಲಕ್ಕೆ ಕೆಸರು ಹೊತ್ತೊಯ್ಯುತ್ತೆ. ಅದೇ ಜಾಗದಲ್ಲಿ ದಟ್ಟ ಹುಲ್ಲಿದ್ದರೆ ನೀರು ನಿಂತು ಇಂಗುತ್ತೆ. ಕಟ್ಟಡ ನಿಯಮಗಳಲ್ಲಿ ‘ನೀರು ಇಂಗದ ಹೊದಿಕೆ ಇಷ್ಟು ಪಾಲು ಮೀರಬಾರದು’ ಅಂತ ಮಿತಿ ಇರೋದುಂಟು. ಪ್ಯಾನೆಲ್ ಅನ್ನೂ ಸೂರಿನ ಹಾಗೆ ಲೆಕ್ಕ ಹಿಡಿದರೆ ಎಷ್ಟೋ ಘಟಕ ಪಾಸಾಗಲ್ಲ. ಪೂರ್ತಿ ಬಿಟ್ಟುಬಿಟ್ಟರೆ ಕೆಳಗಿನ ರೈತರಿಗೆ ಕೆಸರು. ಕಂಬ, ಕಾಂಕ್ರೀಟ್, ದಾರಿಯನ್ನು ಲೆಕ್ಕಕ್ಕೆ ತಗೊಂಡು, ಪ್ಯಾನೆಲ್ ಕೆಳಗೆ ವರ್ಷವಿಡೀ ಹಸಿರು ಇರಲೇಬೇಕು ಅಂತ ಷರತ್ತು ಹಾಕೋದು ಸರಿಯಾದ ದಾರಿ. ಕಟ್ಟುವಾಗ ಮೇಲ್ಮಣ್ಣನ್ನು ಕೆರೆದು ಸಾಗಿಸಬಾರದು ಅನ್ನೋ ಮಾತೂ ಇದರ ಜೊತೆಗೇ ಬರಬೇಕು, ಇಲ್ಲದಿದ್ದರೆ ಹುಲ್ಲು ಬರೋದೆಲ್ಲಿಂದ?

ಫಲವತ್ತಾದ ಹೊಲದಲ್ಲೇ ಯಾಕೆ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಇಟಲಿ 2024ರಲ್ಲಿ ಕೃಷಿ ಭೂಮಿಯ ನೆಲದ ಮೇಲೆ ಪ್ಯಾನೆಲ್ ಹಾಕೋದಕ್ಕೆ ಕಡಿವಾಣ ಹಾಕಿತು. ಫ್ರಾನ್ಸ್ 2023ರಲ್ಲಿ ಬೇರೆ ಕಡೆ ನೋಡಿತು: 1,500 ಚದರ ಮೀಟರ್‌ಗಿಂತ ದೊಡ್ಡ ಪಾರ್ಕಿಂಗ್ ಜಾಗಗಳ ಅರ್ಧದಷ್ಟಾದರೂ ಸೋಲಾರ್ ಚಾವಣಿ ಹಾಕಿ ಅಂತ ಕಾನೂನು ತಂತು. ಬೇಡ ಅನ್ನೋ ಜಾಗದ ಜೊತೆಗೆ, ಇಲ್ಲಿ ಹಾಕಿ ಅನ್ನೋ ಜಾಗವನ್ನೂ ತೋರಿಸೋ ನಿಯಮ ನನಗೆ ಇಷ್ಟ.

[ದೃಶ್ಯ: ನೆಲದಿಂದ ಕಿತ್ತ ಉಕ್ಕಿನ ಕಂಬ, ಅದಕ್ಕಂಟಿದ ಮಣ್ಣು]

ಕೊನೆಗೆ, ಯಾರೂ ಕೇಳದ ಪುಟ. ಪ್ಯಾನೆಲ್‌ಗಳ ಆಯಸ್ಸು 25–30 ವರ್ಷ. ಅಷ್ಟು ಹೊತ್ತಿಗೆ ಕಂಪನಿ ಕೈ ಬದಲಾಗಿರಬಹುದು, ಮುಚ್ಚಿಯೂ ಹೋಗಿರಬಹುದು. ಕಂಬ ಕೀಳೋದು, ಹೂತ ಕೇಬಲ್ ತೆಗೆಯೋದು, ಪ್ಯಾನೆಲ್ ಸಾಗಿಸೋದು ಯಾರ ಖರ್ಚು? ಅದಕ್ಕೇ ಅನುಮತಿ ಕೊಡುವಾಗಲೇ ಬಾಂಡ್ ಅಥವಾ ಠೇವಣಿ ಇಡಿಸಬೇಕು. ಬೆಲೆ ಏರುತ್ತಾ ಹೋಗುತ್ತಲ್ಲ, ಕೆಲವು ವರ್ಷಕ್ಕೊಮ್ಮೆ ಆ ಮೊತ್ತವನ್ನು ಮತ್ತೆ ಲೆಕ್ಕ ಹಾಕಬೇಕು. ಕೇಬಲ್ ಎಷ್ಟು ಅಡಿ ಆಳದವರೆಗೆ ತೆಗೀಬೇಕು ಅನ್ನೋದೂ ಬರಹದಲ್ಲೇ ಇರಬೇಕು. ಮುಂದೆ ಆ ಹೊಲ ಉಳೋರ ನೇಗಿಲಿಗೆ ಸಿಕ್ಕೋದು ಅದೇ ಕೇಬಲ್.

ನಿಮ್ಮ ಸುತ್ತ ಇಂಥ ನಿಯಮದ ಕರಡು ಬಂದಿದ್ದರೆ, ಆಕ್ಷೇಪಣೆಯ ಗಡುವು ಮುಗಿಯೋ ಮುಂಚೆ ಈ ಮೂರು ಸಾಲು ಹುಡುಕಿ: ವ್ಯಾಖ್ಯೆ, ಅಳತೆ ಶುರುವಾಗೋ ಜಾಗ, ತೆರವಿನ ಠೇವಣಿ. ಇಲ್ಲದಿದ್ದರೆ ಸೇರಿಸಿ ಅಂತ ಲಿಖಿತವಾಗಿ ಕೊಡಿ, ಸ್ವೀಕೃತಿ ತಗೊಳ್ಳಿ.