ಚಿಲಕ ಹಾಕಿದ ಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಬಳ್ಳಾರಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವವನು. ಸಿನಿಮಾ ಪಂಡಿತ ಅಲ್ಲ. ರಾತ್ರಿ ಹತ್ತಕ್ಕೆ ಷಟರ್ ಎಳೆದು ಮನೆಗೆ ಹೋದರೆ ಊಟ, ಆಮೇಲೆ ಒಂದು ಸಿನಿಮಾ. ಅದರಲ್ಲೂ ದೆವ್ವದ ಸಿನಿಮಾ ಅಂದರೆ ಮೊದಲಿಂದ ಹುಚ್ಚು. ಇದು ಗೊತ್ತಿರುವ ರೇಡಿಯೋ ನಿಲಯದ ಗೆಳೆಯರೊಬ್ಬರು, "ಅಮಾವಾಸ್ಯೆ ಹತ್ರ ಬಂತು, ಮನೆಯಲ್ಲೇ ಕೂತು ನೋಡುವಂಥ ಹೆದರಿಕೆ ಸಿನಿಮಾ ಒಂದರ ಬಗ್ಗೆ ಮಾತಾಡ್ರಿ" ಅಂದರು. ಒಂದೇ ಒಂದು. ಹತ್ತು ಹೇಳ್ರಿ ಅಂದಿದ್ದರೆ ಸುಲಭ ಇತ್ತು.

ಸಿನಿಮಾಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನದೇ ಒಂದು ಕಥೆ ಕೇಳಿ.

ಬಳ್ಳಾರಿ ಜೀನ್ಸ್ ಹೊಲಿಯುವ ಊರು, ನಿಮಗೆ ಗೊತ್ತೇ ಇದೆ. ಆಗ ನನಗೆ ಹನ್ನೊಂದು ವರ್ಷ ಇರಬೇಕು. ನಾವಿದ್ದ ಓಣಿಯ ತುದಿಯಲ್ಲಿ ಪ್ಯಾಂಟ್ ಒಗೆದು ಒಣಗಿಸುವ ಒಂದು ಜಾಗ ಇತ್ತು. ಒಂದು ರಾತ್ರಿ ಟ್ಯೂಷನ್ ಮುಗಿಸಿ ಬರುತ್ತಿದ್ದೆ. ಕರೆಂಟ್ ಹೋಗಿತ್ತು. ತಗಡಿನ ಗೇಟಿನ ಸಂದಿಯಿಂದ ಒಳಗೆ ನೋಡಿದರೆ ಸಾಲು ಸಾಲಾಗಿ ಕಾಲುಗಳು. ಸೊಂಟದಿಂದ ಮೇಲೆ ಏನೂ ಇಲ್ಲ. ನೂರಾರು ಕಾಲು, ಕಪ್ಪಗೆ, ನೀರು ತೊಟ್ಟಿಕ್ಕಿಸುತ್ತಾ ನಿಂತಿವೆ. ಹಗ್ಗಕ್ಕೆ ಹಾಕಿದ ಹಸಿ ಪ್ಯಾಂಟುಗಳು ಅಂತ ಬುದ್ಧಿಗೆ ಗೊತ್ತು. ದಿನಾ ಹಗಲಲ್ಲಿ ನೋಡಿದ್ದೇ. ಅಷ್ಟರಲ್ಲಿ ಗಾಳಿ ಬೀಸಿತು ನೋಡಿ, ಎಲ್ಲಾ ಕಾಲೂ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಇಟ್ಟವು.

ಓಡಿದೆ. ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಮನೆಗೆ ಹೋಗಿ ಏನು ಹೇಳಿದೆ ಅಂತೀರಿ? ನಾಯಿ ಬೆನ್ನು ಹತ್ತಿತ್ತು ಅಂದೆ. ನಿಜ ಹೇಳಿದ್ದರೆ ಅಣ್ಣ ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದ. ಅಮ್ಮ ನೆದರು ತೆಗೆದು ಮೆಣಸಿನಕಾಯಿ ಸುಡುತ್ತಿದ್ದಳು. ಯಾರೂ "ಹೌದಾ, ಏನು ಕಂಡಿತು ಹೇಳು" ಅಂತ ಕೇಳುತ್ತಿರಲಿಲ್ಲ. ಆಮೇಲೆ ಎಷ್ಟೋ ದಿನ ಆ ದಾರಿ ಬಿಟ್ಟು ಸುತ್ತು ಹಾಕಿ ಬಂದೆ. ಆ ಕಾಲುಗಳ ಹೆದರಿಕೆ ವಾರದಲ್ಲಿ ಹೋಯಿತು. ಯಾರಿಗೂ ಹೇಳಲಾಗದ್ದು ಮಾತ್ರ ಬಹಳ ದಿನ ಉಳಿಯಿತು.

ಇವತ್ತಿನ ಸಿನಿಮಾ ಇರುವುದೇ ಅದರ ಮೇಲೆ. ಹೆಸರು 'ಭೂತಕಾಲಂ'. ಮಲಯಾಳಂ ಚಿತ್ರ. ನಿರ್ದೇಶಕ ರಾಹುಲ್ ಸದಾಶಿವನ್. ತಾಯಿಯಾಗಿ ರೇವತಿ, ಮಗನಾಗಿ ಶೇನ್ ನಿಗಮ್. 2022ರ ಜನವರಿಯಲ್ಲಿ ಥಿಯೇಟರಿಗೆ ಬರದೆ ನೇರವಾಗಿ ಸೋನಿ ಲಿವ್ ಅನ್ನುವ ಆ್ಯಪ್‌ನಲ್ಲಿ ಬಂತು.

ಹೆಸರು ನಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಶಾಲೆಯಲ್ಲಿ ವ್ಯಾಕರಣದ ಮೇಷ್ಟ್ರು ಕಲಿಸಿದ್ದೇ: ಬಂದನು, ಹೋದನು, ಸತ್ತನು. ಭೂತಕಾಲ. ಆದದ್ದು, ಮುಗಿದದ್ದು. ಅದೇ ಮಾತಿನಲ್ಲಿ ದೆವ್ವವೂ ಕೂತಿದೆ. ಮುಗಿದದ್ದು ಮುಗಿಯದೆ ಮನೆಯಲ್ಲೇ ಉಳಿದರೆ ಅದೂ ಭೂತವೇ. ಇಂಗ್ಲಿಷಿನವರಿಗೆ ಈ ಶಬ್ದದ ಆಟ ಸಿಗುವುದಿಲ್ಲ. ನಮಗೆ ಪುಕ್ಕಟೆ ಸಿಕ್ಕಿದೆ.

ಕಥೆ ಸಣ್ಣದು. ಒಂದು ಬಾಡಿಗೆ ಮನೆ. ತಾಯಿ ಆಶಾ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಅವಳಿಗೆ ಖಿನ್ನತೆ ಇದೆ. ಮಗ ವಿನು ಫಾರ್ಮಸಿ ಓದಿ ಕೆಲಸ ಸಿಗದೆ ಮನೆಯಲ್ಲಿದ್ದಾನೆ. ಇಲ್ಲಿ ನಾನು ಎದ್ದು ಕೂತೆ. ನಮ್ಮ ಪೈಕಿಯವನು! ಹಾಸಿಗೆ ಹಿಡಿದ ಅಜ್ಜಿ ತೀರಿಕೊಳ್ಳುತ್ತಾಳೆ. ಆಮೇಲೆ ವಿನುಗೆ ಮನೆಯಲ್ಲಿ ಏನೇನೋ ಕೇಳಿಸತೊಡಗುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ. ಹುಡುಗ ಕುಡಿಯುತ್ತಾನೆ, ಕೆಲಸ ಇಲ್ಲ, ತಲೆ ಕೆಟ್ಟಿದೆ ಅನ್ನುತ್ತಾರೆ. ತಾಯಿಯೂ ಅದನ್ನೇ ಅನ್ನುತ್ತಾಳೆ. ಇಷ್ಟಕ್ಕೆ ಸಾಕು. ಮುಂದಿನದು ಹೇಳಿದರೆ ನೀವು ನನ್ನ ಅಂಗಡಿಗೆ ಬಂದು ಬೈಯುತ್ತೀರಿ.

ದೆವ್ವ ಇದೆಯೋ ಇಲ್ಲವೋ ಅನ್ನುವುದು ಬಹಳ ಹೊತ್ತು ತಿಳಿಯುವುದೇ ಇಲ್ಲ. ನೋಡುವವರನ್ನು ಕಾಡುವುದು ಬೇರೆ. ಒಂದೇ ಸೂರಿನ ಕೆಳಗೆ ಇಬ್ಬರಿದ್ದಾರೆ, ಇಬ್ಬರ ನಡುವೆ ಮಾತಿಲ್ಲ. ಮಗ ದೂರದ ಊರಿಗೆ ಹೋಗಿ ದುಡಿಯುವುದು ತಾಯಿಗೆ ಬೇಡ. ಅವನು ಕಣ್ಣೆದುರೇ ಇರಬೇಕು, ಆದರೆ ಅವನ ಮುಖ ನೋಡಿ ಮಾತಾಡುವ ಶಕ್ತಿ ಅವಳಲ್ಲಿ ಉಳಿದಿಲ್ಲ. ಮಗನಿಗೆ ಸಿಟ್ಟು. ಸಿಟ್ಟು ಮಾಡಿಕೊಂಡೆನಲ್ಲ ಅಂತ ಮತ್ತೆ ಸಂಕಟ. ರೇವತಿ ಇದನ್ನು ಎಷ್ಟು ಕಡಿಮೆ ಮಾಡಿ ಮಾಡಿದ್ದಾರೆ ಅಂದರೆ, ಅಳುವ ದೃಶ್ಯಕ್ಕಿಂತ ಅವರು ಸುಮ್ನೆ ಕೂತ ದೃಶ್ಯವೇ ಜಾಸ್ತಿ ಹೆದರಿಸುತ್ತದೆ. ಈ ಪಾತ್ರಕ್ಕೆ ಅವರಿಗೆ ಕೇರಳ ಸರ್ಕಾರದ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಬರಬೇಕಾದ್ದೇ.

ನಮ್ಮ ಕಡೆ ತೊಗಲುಗೊಂಬೆ ಆಟ ನೋಡಿದವರಿಗೆ ಒಂದು ವಿಷಯ ನೆನಪಿರುತ್ತದೆ. ಬಿಳಿ ಪರದೆ, ಹಿಂದೆ ದೀಪ, ನಡುವೆ ಗೊಂಬೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಬಣ್ಣ, ಕಣ್ಣು, ಕಿರೀಟದ ತೂತು ಎಲ್ಲಾ ಕಾಣುತ್ತದೆ. ರಾವಣನಾದರೂ ಸರಿ, ಹೆದರಿಕೆ ಆಗುವುದಿಲ್ಲ. ಆಡಿಸುವವರು ಅದನ್ನೇ ಸ್ವಲ್ಪ ಹಿಂದಕ್ಕೆ, ದೀಪದ ಕಡೆಗೆ ಎಳೆದುಕೊಂಡರೆ ನೆರಳು ದೊಡ್ಡದಾಗುತ್ತದೆ, ಅಂಚು ಮಸುಕಾಗುತ್ತದೆ. ಆಗ ಮುಂದೆ ಕೂತ ಮಕ್ಕಳು ಹಿಂದೆ ಸರಿಯುತ್ತವೆ. ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಈ ಕಲೆಯನ್ನು ಎಲ್ಲೆಲ್ಲಿಗೋ ಒಯ್ದವರು. ನನಗನಿಸುವಂತೆ ರಾಹುಲ್ ಸದಾಶಿವನ್ ಮಾಡಿದ್ದೂ ಅದನ್ನೇ. ಗೊಂಬೆಯನ್ನು ಕೊನೆತನಕ ಪರದೆಗೆ ಒತ್ತುವುದೇ ಇಲ್ಲ. ಒತ್ತುವ ಹೊತ್ತಿಗೆ ನಮ್ಮ ಕೈ ತಣ್ಣಗಾಗಿರುತ್ತದೆ.

ನೀವು ಕೇಳಬಹುದು, ನಮ್ಮದೇ 'ಆಪ್ತಮಿತ್ರ' ಇಲ್ವಾ ಅಂತ. ಇದೆ. 2004ರಲ್ಲಿ ಅದು ಬಂದಾಗ ಇಡೀ ರಾಜ್ಯ ನಾಗವಲ್ಲಿ ಅಂತ ಕುಣಿಯಿತು. ಚಿತ್ರ ತೆರೆಗೆ ಬರುವ ಮೊದಲೇ, ಆ ಏಪ್ರಿಲ್‌ನಲ್ಲಿ, ಅದರ ನಾಯಕಿ ಸೌಂದರ್ಯ ವಿಮಾನ ದುರಂತದಲ್ಲಿ ಹೋಗಿಬಿಟ್ಟಿದ್ದರು. ಪರದೆ ಮೇಲೆ ಆಕೆ ಕಣ್ಣರಳಿಸಿದಾಗ ಟಾಕೀಸಿನಲ್ಲಿ ಒಂದು ಬಗೆಯ ಮೌನ ಆಗುತ್ತಿತ್ತು. ಅದು ಕಥೆಯ ಹೆದರಿಕೆಯಷ್ಟೇ ಅಲ್ಲ. ಅದರ ಮೂಲವೂ ಮಲಯಾಳಂ, 1993ರ 'ಮಣಿಚಿತ್ರತಾಳ್'. ಬಹಳ ಒಳ್ಳೆ ಸಿನಿಮಾಗಳು. ಆದರೆ ಅಲ್ಲಿ ಒಬ್ಬ ಡಾಕ್ಟರ್ ಬರುತ್ತಾನೆ. ಎಲ್ಲಾ ಗೊತ್ತಿರುವವನು, ತಮಾಷೆಗಾರ. ಒಂದು ರಾತ್ರಿ ನಾಟಕ ಹೂಡಿ ಕಾಯಿಲೆ ಬಿಡಿಸಿಬಿಡುತ್ತಾನೆ. ಔಷಧಿ ಅಂಗಡಿಯಲ್ಲಿ ಇಷ್ಟು ವರ್ಷ ಕೂತ ಮೇಲೆ ನನಗೆ ಆ ಭಾಗ ನುಂಗಲು ಕಷ್ಟ. ಮನಸ್ಸಿನ ಕಾಯಿಲೆಗೆ ಗುಳಿಗೆ ತಗೊಂಡು ಹೋಗುವವರು ತಿಂಗಳಾ ಬರುತ್ತಾರೆ, ವರ್ಷಗಟ್ಟಲೆ ಬರುತ್ತಾರೆ. 'ಭೂತಕಾಲಂ'ನಲ್ಲಿ ಅಂಥ ಜಾದೂ ಇಲ್ಲ. ಸೈಜು ಕುರುಪ್ ಮಾಡಿದ ಒಬ್ಬ ಆಪ್ತಸಲಹೆಗಾರ ಇದ್ದಾನೆ. ಅವನೂ ಪಾಪ, ನಮ್ಮ ಹಾಗೆ ತಡವರಿಸುತ್ತಾ ಹುಡುಕುತ್ತಾನೆ.

ಒಂದು ಸಲ ಅಂಗಡಿಗೆ ತಾಯಿ ಮಗ ಬಂದರು. ಊರು, ಹೆಸರು ಬೇಡ. ಹುಡುಗನಿಗೆ ಇಪ್ಪತ್ತರ ಮೇಲಿರಬೇಕು. ಚೀಟಿ ಹಿಡಿದ ಬಲಗೈಯಲ್ಲೇ ಹೊಸ ತಾಯತ. ಕಪ್ಪು ದಾರಕ್ಕೆ ಹಚ್ಚಿದ ಎಣ್ಣೆ ಚೀಟಿಗೆ ಇಳಿದು, ಎರಡನೇ ಗುಳಿಗೆಯ ಹೆಸರು ಅಳಿಸಿಹೋಗಿತ್ತು. ನಾನು ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡೆ. ಅಷ್ಟರಲ್ಲಿ ತಾಯಿ ನನ್ನ ಕಡೆ ಬಗ್ಗಿ, ಸಣ್ಣ ದನಿಯಲ್ಲಿ, "ಅಣ್ಣಾ, ಇವನಿಗೆ ರಾತ್ರಿ ಯಾರೋ ಕರದಂಗ ಆಗ್ತದಂತ. ಗಾಳಿನೋ ಏನೋ. ಇದು ನಿದ್ದಿ ಗುಳಿಗಿ ಏನ್ರಿ?" ಅಂದಳು. ಹುಡುಗ ಪಕ್ಕದಲ್ಲೇ ಇದ್ದ. ಎಲ್ಲಾ ಕೇಳಿಸುತ್ತಿತ್ತು. ಅವನು ಗಾಜಿನ ಬೀರುವಿನಲ್ಲಿದ್ದ ಟಾನಿಕ್ ಬಾಟಲಿಗಳನ್ನು ಎಣಿಸುವವನ ಹಾಗೆ ನೋಡುತ್ತಾ ನಿಂತಿದ್ದ. ಈ ಸಿನಿಮಾ ನೋಡುವಾಗ ಶೇನ್ ನಿಗಮ್ ಮುಖದಲ್ಲಿ ನನಗೆ ಕಂಡದ್ದು ಅದೇ ನೋಟ.

ತಾಯತದ ಬಗ್ಗೆ ನಗುವುದಿಲ್ಲ ನಾನು. ನಮ್ಮ ಮನೆಯಲ್ಲೂ ಪಿತೃಪಕ್ಷ ಬಂದರೆ ಅಜ್ಜಿಯ ಇಳಕಲ್ ಸೀರೆ ಮಡಿಸಿಟ್ಟು, ಅಜ್ಜನಿಗೆ ಒಂದು ಕಟ್ಟು ಬೀಡಿ ಇಟ್ಟು, ಹಿರಿಯರಿಗೆ ಎಡೆ ಮಾಡುತ್ತೇವೆ. ಅಕ್ಟೋಬರ್ 31ಕ್ಕೆ ಹ್ಯಾಲೋವೀನ್ ಅಂತ ದೊಡ್ಡ ಊರುಗಳಲ್ಲಿ ದೆವ್ವದ ವೇಷ ಹಾಕುತ್ತಾರಂತೆ. ನಮ್ಮಲ್ಲಿ ಅದಕ್ಕೂ ಮೊದಲೇ ಸತ್ತವರನ್ನು ಊಟಕ್ಕೆ ಕರೆದಾಗಿರುತ್ತದೆ. ಮಹಾಲಯ ಅಮಾವಾಸ್ಯೆಯಿಂದ ದೀಪಾವಳಿ ಅಮಾವಾಸ್ಯೆವರೆಗೆ, ಹೋದವರ ನೆನಪು ಮನೆಯೊಳಗೆ ಓಡಾಡುವ ಕಾಲ ಇದು. ಹಾಗಾಗಿ ಸತ್ತ ಅಜ್ಜಿಯ ಕೋಣೆಯ ಕಥೆ ನಮಗೆ ಹೊಸದಲ್ಲ.

ಬಳ್ಳಾರಿಯವರಿಗೆ ಈ ಸಿನಿಮಾ ಹೇಳಲು ಇನ್ನೊಂದು ಕಾರಣ ಇದೆ. ಇದು ನಮ್ಮವರಿಗೇ ಮರೆತುಹೋಗಿದೆ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮ ಜಿಲ್ಲೆಯಲ್ಲಿ ಒಂದು ಕೆಲಸ ಮಾಡಿದರು. ಮನಸ್ಸಿನ ಕಾಯಿಲೆಗೆ ದೂರದ ದೊಡ್ಡ ಆಸ್ಪತ್ರೆಗೇ ಯಾಕೆ ಹೋಗಬೇಕು, ಹಳ್ಳಿ ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗಲಿ ಅಂತ, ಅಲ್ಲಿನ ಡಾಕ್ಟರುಗಳಿಗೆ, ಮನೆ ಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಗುಳಿಗೆಗಳೂ ಅಲ್ಲೇ ಸಿಗುವ ಹಾಗೆ ಮಾಡಿದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿದಾಗ ಎದುರಿಗಿದ್ದ ಮಾದರಿ ಇದೇ. ಪುಸ್ತಕಗಳಲ್ಲಿ ಇದಕ್ಕೆ 'ಬಳ್ಳಾರಿ ಮಾದರಿ' ಅಂತಲೇ ಹೆಸರು. ಗಣಿ, ಧೂಳು, ಬಿಸಿಲು ಅಂತ ಊರಿನ ಹೆಸರು ಹೇಳುವವರಿಗೆ ಇದನ್ನೂ ಒಮ್ಮೆ ಹೇಳಬೇಕು ನೋಡಿ. ಈಗಂತೂ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯವರು ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಇರಲಿ, ಸಿನಿಮಾಕ್ಕೆ ಬರೋಣ. ಇದರಲ್ಲಿ ಕುಂದು ಇಲ್ಲವೇ? ಇದೆ. ಮೊದಲ ಅರ್ಧ ನಿಧಾನ. ಎರಡು ನಿಮಿಷಕ್ಕೊಂದು ಸಲ ಯಾರಾದರೂ ಕಿರುಚಬೇಕು ಅನ್ನುವವರಿಗೆ ಆಕಳಿಕೆ ಬರುತ್ತದೆ. ನನ್ನ ಅಂಗಡಿಯ ಹುಡುಗ ಅರ್ಧ ಗಂಟೆಗೆ ಬಂದ್ ಮಾಡಿ, "ಇದರಾಗ ದೆವ್ವ ಯಾವಾಗ ಬರ್ತದ ಸರ್?" ಅಂತ ಮೆಸೇಜ್ ಹಾಕಿದ. ತಾಳು ಅಂದೆ. ಮರುದಿನ ಕೆಲಸಕ್ಕೆ ಬಂದವನು ಒಬ್ಬನೇ ಗೋಡೌನಿಗೆ ಹೋಗಲು ಒಪ್ಪಲಿಲ್ಲ. ಕೊನೆಯ ಭಾಗದಲ್ಲಿ ಈ ನಿರ್ದೇಶಕರು ಅಷ್ಟು ಹೊತ್ತು ಕೂಡಿಟ್ಟದ್ದನ್ನೆಲ್ಲ ಒಂದೇ ಸಲ ಸುರಿಯುತ್ತಾರೆ. ಆಮೇಲೆ 2024ರಲ್ಲಿ ಮಮ್ಮೂಟ್ಟಿ ಅವರನ್ನು ಹಾಕಿಕೊಂಡು ಕಪ್ಪು ಬಿಳುಪಿನಲ್ಲಿ 'ಭ್ರಮಯುಗಂ' ಮಾಡಿದವರೂ ಇವರೇ. ಅದೂ ಚೆನ್ನ, ಆದರೆ ಅದು ಹಳೇ ಕಾಲದ ಕಥೆ. ಇದು ಪಕ್ಕದ ಮನೆಯದು.

ಹೇಗೆ ನೋಡಬೇಕು ಅಂತ ಒಂದು ಮಾತು. ಊಟ ಮಾಡುತ್ತಾ, ಪಾತ್ರೆ ತೊಳೆಯುತ್ತಾ ನೋಡಬೇಡಿ. ಭಾಷೆ ಬರುವುದಿಲ್ಲ ಅಂತ ಬಿಡಬೇಡಿ, ಕೆಳಗೆ ಬರಹ ಬರುತ್ತದೆ. ಅದೂ ಅಲ್ಲದೆ ಇದರಲ್ಲಿ ಮಾತಿಗಿಂತ ಸದ್ದು ಮುಖ್ಯ. ರೇಡಿಯೋ ಕೇಳುವವರಿಗೆ ಇದನ್ನು ಹೇಳಿಕೊಡಬೇಕಾ? ಹೆದರಿಕೆಗೆ ಬಾಗಿಲು ಕಿವಿಯೇ. ದೆವ್ವದ ಸಿನಿಮಾದಲ್ಲಿ ಕಣ್ಣು ಮುಚ್ಚಿಕೊಂಡರೆ ಹೆದರಿಕೆ ಜಾಸ್ತಿ ಆಗುತ್ತದೆ. ಕಿವಿ ಮುಚ್ಚಿಕೊಂಡು ನೋಡಿ, ಅರ್ಧ ದೆವ್ವ ಅಲ್ಲೇ ಸಾಯುತ್ತದೆ. ಹಾಗಾಗಿ ಮೊಬೈಲಿನಲ್ಲಿ ನೋಡುವವರು ಇಯರ್‌ಫೋನ್ ಹಾಕಿಕೊಳ್ಳಿ. ಫ್ಯಾನಿನ ಸದ್ದು ಇದ್ದರೆ ಮಜಾ ಕೆಡುತ್ತದೆ. ಆದರೆ ನಮ್ಮ ಬಳ್ಳಾರಿಯಲ್ಲಿ ಫ್ಯಾನ್ ಆರಿಸಿ ಕೂರಿ ಅಂತ ಹೇಳುವ ಧೈರ್ಯ ನನಗಿಲ್ಲ. ಸಣ್ಣ ಮಕ್ಕಳು ಬೇಡ. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಸದ್ಯಕ್ಕೆ ಇದೂ ಬೇಡ, ಬೇರೆ ಏನಾದರೂ ನೋಡಿ.

ನಾನು ನೋಡಿದ್ದು ಒಂದು ಶನಿವಾರ ರಾತ್ರಿ, ಒಬ್ಬನೇ. ಅಮ್ಮ ಒಳಕೋಣೆಯಲ್ಲಿ ಮಲಗಿದ್ದಳು. ನಡುವೆ ಎರಡು ಸಲ ನಿಲ್ಲಿಸಿ ಎದ್ದೆ. ಒಂದು ಸಲ ಮುಂಬಾಗಿಲ ಚಿಲಕ ನೋಡಿದೆ. ಹಾಕಿತ್ತು. ಇನ್ನೊಂದು ಸಲವೂ ನೋಡಿದೆ. ಹಾಗೇ ಹಾಕಿತ್ತು. ಪಡಸಾಲೆಯ ಲೈಟ್ ಹಚ್ಚಿಯೇ ಮಲಗಿದೆ.

ಬೆಳಿಗ್ಗೆ ಚಹಾ ಕೊಡುತ್ತಾ ಅಮ್ಮ, "ರಾತ್ರಿಯೆಲ್ಲ ಲೈಟ್ ಯಾಕ ಉರೀತಿತ್ತಪಾ?" ಅಂದಳು.

"ಆರಿಸೋದು ಮರೆತೆ" ಅಂದೆ.

ಅಮ್ಮ ಬಸಿಯಲ್ಲಿದ್ದ ಚಹಾ ಊದಿ ಒಂದು ಗುಟುಕು ಕುಡಿದಳು. "ಎರಡು ಸಲ ಎದ್ದು ಚಿಲಕ ಮುಟ್ಟಿ ಬಂದಿ. ನನಗೂ ನಿದ್ದಿ ಬಂದಿದ್ದಿಲ್ಲ. ಕರೀಬೇಕಿತ್ತು, ಜೊತಿಗೆ ಕೂಡ್ತಿದ್ದೆ" ಅಂದಳು.

ಈ ಶನಿವಾರ ಇನ್ನೊಮ್ಮೆ ಹಾಕುತ್ತೇನೆ, ಅಮ್ಮನಿಗೂ ಒಂದು ಕುರ್ಚಿ ಎಳೆದು. ನಮಸ್ಕಾರ.