ಮೇಜು ನೋಡುವ ತರಗತಿ

ಕೇಳುಗರಿಗೆ ನಮಸ್ಕಾರ.

ಕೊರಿಯಾದ ಹೈಸ್ಕೂಲೆಂದರೆ ನಮ್ಮ ಎಸ್‌ಎಸ್‌ಎಲ್‌ಸಿಯಿಂದ ಪಿಯುಸಿವರೆಗಿನ ಮೂರು ವರ್ಷ. ಅಲ್ಲಿ ಇಂಗ್ಲಿಷ್ ಕಲಿಸಲು ಹೋದವರಿಗೆ ಮೊದಲು ಎದುರಾಗುವುದು ಮೌನ. ಪ್ರಶ್ನೆ ಕೇಳಿದೊಡನೆ ಎಲ್ಲರೂ ತಲೆ ತಗ್ಗಿಸಿ ಮೇಜು ನೋಡುತ್ತಾರೆ. ಉತ್ತರ ಬಾರದೆ ಅಲ್ಲ. ನವೆಂಬರಿನ ಸುನುಂಗ್ ಎಂಬ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 70 ನಿಮಿಷ, 45 ಪ್ರಶ್ನೆ. ಅವುಗಳಲ್ಲಿ 17 ಕೇಳಿಸಿಕೊಂಡು ಉತ್ತರಿಸುವಂಥವು. ಆ ಹೊತ್ತಿನಲ್ಲಿ ದೇಶದ ನಿಲ್ದಾಣಗಳಲ್ಲಿ ವಿಮಾನ ಏರುವುದನ್ನೂ ಇಳಿಯುವುದನ್ನೂ ನಿಲ್ಲಿಸುತ್ತಾರೆ! ಬಾಯಿಬಿಟ್ಟು ಮಾತಾಡುವ ಪ್ರಶ್ನೆ ಮಾತ್ರ ಒಂದೂ ಇಲ್ಲ. ಅಂಕವಿಲ್ಲದ ಮಾತಿಗೆ ಗೆಳೆಯರೆದುರು ತಪ್ಪಿ ನಗೆಪಾಟಲಾಗಲು ಯಾರು ಮುಂದೆ ಬಂದಾರು?

ಹಾಗಾಗಿ ಒಬ್ಬರನ್ನೇ ಎಬ್ಬಿಸಿ ಕೇಳಬೇಡಿ. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಎರಡು ನಿಮಿಷ ಚೀಟಿಯಲ್ಲಿ ಉತ್ತರ ಬರೆಯಲಿ, ಮೂರು ನಿಮಿಷ ಪಕ್ಕದವರ ಜೊತೆ ಮಾತಾಡಲಿ, ಆಮೇಲೆ ಜೋಡಿಯ ಉತ್ತರವೆಂದು ಹೇಳಲಿ. ತಪ್ಪಾದರೂ ಅದು ಇಬ್ಬರದ್ದು. "ಅರ್ಥವಾಯಿತೇ?" ಎಂದರೆ ಎಲ್ಲರೂ "ನೇ" ಎನ್ನುತ್ತಾರೆ, ಅಂದರೆ ಹೌದು. ಅದನ್ನು ನಂಬಿದಿರೋ, ಕೆಟ್ಟಿರಿ. ಒಂದು ಜೋಡಿಯಿಂದ ಮಾಡಿಸಿ ತೋರಿಸಿ. ಪಾಠವಿರುವುದು 50 ನಿಮಿಷ; ಸೂಚನೆ ತಪ್ಪಾಗಿ ತಿಳಿದರೆ ಹತ್ತು ನಿಮಿಷ ಅಲ್ಲೇ ಹೋಯಿತು.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಾವು ಬಸ್ಸನ್ನು 'ಬಸ್ಸು' ಮಾಡಿದ ಹಾಗೆ ಅವರೂ ವ್ಯಂಜನದ ಬಾಲಕ್ಕೆ ಸ್ವರ ಅಂಟಿಸುತ್ತಾರೆ. ಒಂದೇ ಉಸಿರಿನ 'ಸ್ಟ್ರೈಕ್' ಅಲ್ಲಿ ಸು-ತು-ರಾ-ಇ-ಕು, ಐದು ತುಂಡು. ತಿದ್ದಿ ತಿದ್ದಿ ಹೇಳುವುದಕ್ಕಿಂತ ಬೆರಳಿಂದ ಮೇಜು ತಟ್ಟಿಸಿ. ಇಂಥ ಒಂದೇ ಉಸಿರಿನ ಪದಕ್ಕೆ ಒಂದೇ ತಟ್ಟು ಎಂದಾಗ ಕಿವಿಯೇ ತಿದ್ದಿಕೊಳ್ಳುತ್ತದೆ.

ಅಂದಹಾಗೆ, 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದ ಅರ್ಹ ಭಾರತೀಯರಿಗೂ ಸಹಾಯಕ ಇಂಗ್ಲಿಷ್ ಶಿಕ್ಷಕರಾಗುವ ದಾರಿ ತೆರೆದಿದೆ. 'ಸಹಾಯಕ' ಎಂಬ ಮಾತನ್ನು ಮರೆಯಬೇಡಿ. ತರಗತಿಯಲ್ಲಿ ಕೊರಿಯನ್ ಶಿಕ್ಷಕರೂ ಇರುತ್ತಾರೆ. ಯಾವ ಭಾಗ ಯಾರದ್ದೆಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಒಬ್ಬರು ಪಾಠ ಮಾಡುತ್ತಾರೆ, ಇನ್ನೊಬ್ಬರು ಹಿಂದೆ ಕಂಬದ ಹಾಗೆ ನಿಂತಿರುತ್ತಾರೆ.

ನಿದ್ದೆ ಮಾಡುವ ಹುಡುಗನನ್ನು ಗದರುವ ಮುಂಚೆ ಅವನ ದಿನಚರಿ ತಿಳಿದುಕೊಳ್ಳಿ. ಸೋಲ್ ನಗರದಲ್ಲಿ ಹಾಗ್ವಾನ್ ಎಂಬ ಟ್ಯೂಷನ್ ಕೇಂದ್ರಗಳು ರಾತ್ರಿ ಹತ್ತಕ್ಕೆ ಮುಚ್ಚಲೇಬೇಕೆಂಬ ನಿಯಮವಿದೆ. ಅಂದರೆ ಹತ್ತರವರೆಗೂ ಮಕ್ಕಳು ಅಲ್ಲೇ ಕೂತಿರುತ್ತಾರೆ. ಬಿಡುವಿನಲ್ಲಿ ಒಬ್ಬೊಬ್ಬರಾಗಿ ಬಂದು "ಸೆಮ್", ಅಂದರೆ ಮೇಷ್ಟ್ರೇ, ಎಂದು ಕರೆದು ಮಾತಿಗಿಳಿದರೆ, ಆಗ ವ್ಯಾಕರಣ ತಿದ್ದಬೇಡಿ. ಮನೆಯ ಕಷ್ಟವೋ ಕಿರುಕುಳವೋ ಬಾಯಿಗೆ ಬಂದರೆ ಗುಟ್ಟಾಗಿಡುತ್ತೇನೆಂದು ಮಾತು ಕೊಡದೆ, ಅದೇ ದಿನ ತರಗತಿಯ ಹೊಣೆ ಹೊತ್ತ 'ದಾಮಿಮ್' ಶಿಕ್ಷಕರಿಗೆ ತಿಳಿಸಿ. ತಿಳಿಸುತ್ತೇನೆಂದು ಹುಡುಗನಿಗೂ ಮುಂಚೆಯೇ ಹೇಳಿರಿ.